ದಿನಕ್ಕೊಂದು ಮಾತ್ರೆ: ರಕ್ತದ ಕ್ಯಾನ್ಸರ್ ಚಿಕಿತ್ಸೆಯ ಉಳಿದರ್ಧ

(ದತ್ತಿ ಉಪನ್ಯಾಸದ ಲಿಖಿತ ರೂಪ)



ವೈದ್ಯಶಾಸ್ತ್ರದ ಒಂದು ವಿಷಯವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿಸಬೇಕು ಎಂಬುದು ಈ ದತ್ತಿಯ ಆಶಯ. ಅದಕ್ಕಾಗಿ ನಾನು ಆರಿಸಿಕೊಂಡದ್ದು ಇಮ್ಯಾಟಿನಿಬ್ ಎಂಬ ಒಂದು ಮಾತ್ರೆಯ ಕಥೆಯನ್ನು. ರಕ್ತದ ಕ್ಯಾನ್ಸರುಗಳಲ್ಲಿ ಒಂದು ಬಗೆಯಾದ ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾಕ್ಕೆ, ನಾವು ಚಿಕ್ಕದಾಗಿ ಸಿ.ಎಂ.ಎಲ್. ಎನ್ನುವ ಕಾಯಿಲೆಗೆ, ಇದು ಮದ್ದು. ದಿನಕ್ಕೊಮ್ಮೆ ಊಟದ ಜೊತೆ ನುಂಗಿದರಾಯಿತು. ಡ್ರಿಪ್ ಬೇಡ, ವಾರ್ಡು ಬೇಡ, ಕೂದಲು ಉದುರುವ ಭಯ ಬೇಡ.

ವೈದ್ಯ ವಿದ್ಯಾರ್ಥಿಯಾಗಿದ್ದಾಗ ಈ ಕಾಯಿಲೆಯ ಬಗ್ಗೆ ನಾನು ಓದಿದ ಪಾಠಕ್ಕೂ ಇಂದು ವಿದ್ಯಾರ್ಥಿಗಳಿಗೆ ಹೇಳುವ ಪಾಠಕ್ಕೂ ಸಂಬಂಧವೇ ಇಲ್ಲ. ಅಂದು ಇದು ಮೂರು ವರ್ಷವೋ ಐದು ವರ್ಷವೋ ಎಂದು ಲೆಕ್ಕ ಹಾಕುವ ಕಾಯಿಲೆ. ಇಂದು ಸರಿಯಾಗಿ ಮಾತ್ರೆ ನುಂಗುವವರಲ್ಲಿ ಬಹುಪಾಲು ಜನ ದುಡಿಯುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಾರೆ. ಈ ಬದಲಾವಣೆ ಹೇಗೆ ಬಂತು ಎಂಬುದನ್ನು ಹೇಳುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಅದು ಪೂರ್ತಿಯಾಗಬೇಕಾದರೆ ಇನ್ನೇನು ಆಗಬೇಕು ಎಂಬುದನ್ನೂ ಹೇಳುತ್ತೇನೆ. ಪ್ರಯೋಗಾಲಯ ತನ್ನ ಅರ್ಧ ಕೆಲಸ ಮುಗಿಸಿದೆ. ಉಳಿದರ್ಧ ನಡೆಯಬೇಕಾದದ್ದು ನಮ್ಮ ಮನೆಗಳಲ್ಲಿ, ಔಷಧಿ ಅಂಗಡಿಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ.

ಎಡ ಪಕ್ಕೆಯ ಭಾರ

ಸಿ.ಎಂ.ಎಲ್. ಸದ್ದಿಲ್ಲದೆ ಬರುವ ಕಾಯಿಲೆ. ಸುಸ್ತು, ರಾತ್ರಿ ಬೆವರು, ಮೈತೂಕ ಇಳಿಯುವುದು, ಎಡ ಪಕ್ಕೆಯ ಕೆಳಗೆ ಏನೋ ಭಾರ. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ. ಕೈಯಿಟ್ಟು ನೋಡಿದರೆ ಗುಲ್ಮ ಊದಿಕೊಂಡು ಗಟ್ಟಿಯಾಗಿ ಸಿಗುತ್ತದೆ, ಕೆಲವರಲ್ಲಿ ಹೊಕ್ಕುಳವನ್ನೂ ದಾಟಿರುತ್ತದೆ. ಎಷ್ಟೋ ಜನಕ್ಕೆ ಇದ್ಯಾವುದೂ ಇರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ರಕ್ತ ಕೊಟ್ಟಾಗ ಬಿಳಿ ರಕ್ತಕಣಗಳ ಎಣಿಕೆ 4,000ದಿಂದ 11,000ದ ಒಳಗಿರುವ ಬದಲು ಒಂದು ಲಕ್ಷ, ಎರಡು ಲಕ್ಷ ಎಂದು ಬರುತ್ತದೆ. ಲ್ಯಾಬಿನವರು ಗಾಬರಿಯಿಂದ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ.

ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಪಾಶ್ಚಾತ್ಯ ದೇಶಗಳಲ್ಲಿ ಬಹುತೇಕ ಅರವತ್ತರ ಆಸುಪಾಸಿನವರಲ್ಲಿ ಕಾಣುತ್ತದೆ. ನಮ್ಮ ದೇಶದ ಆಸ್ಪತ್ರೆಗಳಿಗೆ ಬರುವವರಲ್ಲಿ ಮೂವತ್ತು ನಲವತ್ತರ ವಯಸ್ಸಿನವರೇ ಹೆಚ್ಚು. ಮನೆಯ ದುಡಿಮೆ ಅವರ ಹೆಗಲ ಮೇಲಿರುತ್ತದೆ, ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಹಾಗಾಗಿ ನಮ್ಮಲ್ಲಿ ಈ ಕಾಯಿಲೆ ಒಬ್ಬರನ್ನು ಹಿಡಿದರೆ ಇಡೀ ಕುಟುಂಬವನ್ನೇ ಹಿಡಿದ ಹಾಗೆ.

1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಶೋ ಇಂಥ ರೋಗಿಗಳನ್ನು ಬೇರೆಬೇರೆಯಾಗಿ ವರ್ಣಿಸಿದರು. ಅಲ್ಲಿಂದ ನೂರೈವತ್ತು ವರ್ಷ ವೈದ್ಯರ ಕೈಯಲ್ಲಿದ್ದ ಮದ್ದುಗಳನ್ನು ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಪಾಷಾಣ ಬೆರೆಸಿದ ದ್ರಾವಣ, ಆಮೇಲೆ ಗುಲ್ಮಕ್ಕೆ ಎಕ್ಸ್-ರೇ, 1950ರ ದಶಕದಲ್ಲಿ ಬುಸಲ್ಫಾನ್, ಬಳಿಕ ಹೈಡ್ರಾಕ್ಸಿಯೂರಿಯಾ. ಇವೆಲ್ಲ ಎಣಿಕೆಯನ್ನು ಇಳಿಸುತ್ತಿದ್ದವು, ಕಾಯಿಲೆಯ ಓಟವನ್ನು ತಡೆಯುತ್ತಿರಲಿಲ್ಲ. 1980ರ ದಶಕದಲ್ಲಿ ಬಂದ ಇಂಟರ್‌ಫೆರಾನ್ ಚುಚ್ಚುಮದ್ದು ಕೆಲವರಿಗೆ ನಿಜವಾಗಿ ನೆರವಾಯಿತು. ಆದರೆ ಜ್ವರ, ಮೈಕೈ ನೋವು, ಮನಸ್ಸು ಕುಗ್ಗುವುದು ಅದರ ಜೊತೆಗೇ ಬರುತ್ತಿದ್ದವು. ಅಸ್ಥಿಮಜ್ಜೆ ಕಸಿ ಗುಣ ಮಾಡಬಲ್ಲದಾಗಿತ್ತು. ಅದಕ್ಕೆ ಹೊಂದುವ ದಾನಿ ಬೇಕು, ಹಣ ಬೇಕು, ಜೀವಕ್ಕೇ ಒದಗಬಹುದಾದ ಅಪಾಯವನ್ನು ಎದುರಿಸುವ ಧೈರ್ಯ ಬೇಕು.

ಕಾರಣ ಸಿಕ್ಕಿತು

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದು ಖಚಿತವಾದದ್ದೇ 1956ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಸಣ್ಣ ವರದಿ ಪ್ರಕಟಿಸಿದರು. ನೋವೆಲ್ ಗಾಜಿನ ಪಟ್ಟಿಯ ಮೇಲಿನ ರಕ್ತಕಣಗಳನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದರು. ಕಣಗಳು ನೀರು ಹೀರಿ ಉಬ್ಬಿ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡಿದ್ದವು. ಸಿ.ಎಂ.ಎಲ್. ರೋಗಿಗಳ ಕಣಗಳಲ್ಲಿ ಒಂದು ವರ್ಣತಂತು ಇರಬೇಕಾದ್ದಕ್ಕಿಂತ ಗಿಡ್ಡವಾಗಿರುವುದು ಹಂಗರ್‌ಫರ್ಡ್ ಅವರ ಕಣ್ಣಿಗೆ ಬಿತ್ತು. ಅದಕ್ಕೆ ಊರಿನ ಹೆಸರೇ ಉಳಿಯಿತು, ಫಿಲಡೆಲ್ಫಿಯಾ ಕ್ರೋಮೋಸೋಮ್. ಒಂದು ಕ್ಯಾನ್ಸರಿಗೂ ಒಂದು ನಿರ್ದಿಷ್ಟ ವರ್ಣತಂತುವಿನ ದೋಷಕ್ಕೂ ನಂಟಿದೆ ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು.

ಗಿಡ್ಡವಾದ ತುಂಡು ಎಲ್ಲಿ ಹೋಯಿತು? ಅದನ್ನು ಕಂಡುಹಿಡಿದವರು ಷಿಕಾಗೊದ ಜಾನೆಟ್ ರೌಲಿ. ನಾಲ್ವರು ಗಂಡುಮಕ್ಕಳನ್ನು ಸಾಕುತ್ತ ವರ್ಷಗಟ್ಟಲೆ ಅರೆಕಾಲಿಕ ಕೆಲಸ ಮಾಡಿದ ವೈದ್ಯೆ ಆಕೆ. ವರ್ಣತಂತುಗಳ ಫೋಟೊಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿ, ಕತ್ತರಿಯಿಂದ ಒಂದೊಂದೇ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಬೊಂಬೆ ಆಡುತ್ತಾಳೆ ಎಂದು ಮಕ್ಕಳು ರೇಗಿಸುತ್ತಿದ್ದರಂತೆ. ಹಾಗೆ ಜೋಡಿಸುವಾಗ ಅವರಿಗೆ ಕಂಡದ್ದು ಇದು: 22ನೇ ವರ್ಣತಂತುವಿನಿಂದ ಕಳೆದುಹೋದ ತುಂಡು 9ನೆಯದರ ತುದಿಗೆ ಅಂಟಿಕೊಂಡಿದೆ. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎರಡು ವರ್ಣತಂತುಗಳು ಮುರಿದು ತುಂಡು ಅದಲು ಬದಲಾಗಿವೆ ಎಂದು ಜಗತ್ತಿಗೆ ತಿಳಿಯಿತು.

1980ರ ದಶಕದಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಮುಂದಿನ ಕೊಂಡಿಯನ್ನು ಬಿಡಿಸಿದವು. ಮುರಿದ ಜಾಗದಲ್ಲಿ 9ನೆಯದರ ಎ.ಬಿ.ಎಲ್. ಎಂಬ ಜೀನು 22ನೆಯದರ ಬಿ.ಸಿ.ಆರ್. ಎಂಬ ಜೀನಿಗೆ ಕೂಡಿಕೊಂಡು ಒಂದು ಹೊಸ ಜೀನು ಹುಟ್ಟುತ್ತದೆ. ಅದು ತಯಾರಿಸುವ ಪ್ರೋಟೀನು ಟೈರೊಸಿನ್ ಕೈನೇಸ್ ಎಂಬ ಬಗೆಯ ಕಿಣ್ವ. ಆರೋಗ್ಯವಂತ ಕೋಶದಲ್ಲಿ ಈ ಕಿಣ್ವ ಬೇಕಾದಾಗ ಕೆಲಸ ಮಾಡಿ ಬೇಡವಾದಾಗ ಸುಮ್ಮನಿರುತ್ತದೆ. ಈ ಕೂಡುಜೀನಿನ ಕಿಣ್ವಕ್ಕೆ ಸುಮ್ಮನಿರುವುದು ಗೊತ್ತಿಲ್ಲ. ಕೋಶ ಒಡೆಯುತ್ತಲೇ ಇರಲಿ, ಸಾಯದೇ ಇರಲಿ ಎಂಬ ಸಂದೇಶವನ್ನು ಬಿಡುವಿಲ್ಲದೆ ಕಳುಹಿಸುತ್ತದೆ. 1990ರಲ್ಲಿ ಈ ಒಂದೇ ಜೀನನ್ನು ಇಲಿಗಳ ಮಜ್ಜೆಗೆ ಸೇರಿಸಿದಾಗ ಅವುಗಳಿಗೂ ಇಂಥದೇ ಕಾಯಿಲೆ ಬಂತು. ಕಾರಣ ಖಚಿತವಾಯಿತು.

ಒಂದು ಮಾತನ್ನು ಇಲ್ಲೇ ಸ್ಪಷ್ಟಪಡಿಸುತ್ತೇನೆ. ಈ ದೋಷ ಮಜ್ಜೆಯ ಒಂದು ಕೋಶದಲ್ಲಿ, ಹುಟ್ಟಿದ ಮೇಲೆ ಯಾವಾಗಲೋ ಆಗುವಂಥದು. ತಾಯಿ ತಂದೆಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ. ಈ ಕಾಯಿಲೆಯ ಹೆಸರು ಹೇಳಿ ಮನೆಯ ಹೆಣ್ಣುಮಕ್ಕಳ ಸಂಬಂಧ ಮುರಿಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮದ್ದು ರೂಪುಗೊಂಡ ಬಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ಅಲೆಕ್ಸ್ ಮ್ಯಾಟರ್, ನಿಕೊಲಸ್ ಲಿಡನ್, ರಸಾಯನ ತಜ್ಞ ಯೂರ್ಗ್ ಜಿಮ್ಮರ್‌ಮನ್, ಎಲಿಜಬೆತ್ ಬುಖ್‌ಡುಂಗರ್ ಮುಂತಾದವರು ಕೈನೇಸುಗಳನ್ನು ತಡೆಯುವ ಅಣುಗಳನ್ನು ಹುಡುಕುತ್ತಿದ್ದರು. ದೇಹದಲ್ಲಿ ಇಂಥ ಕೈನೇಸುಗಳು ನೂರಾರು. ಎಲ್ಲವೂ ಎ.ಟಿ.ಪಿ. ಎಂಬ ಒಂದೇ ಇಂಧನ ಬಳಸುತ್ತವೆ. ಒಂದನ್ನು ತಡೆಯಲು ಹೋದರೆ ಬೇಕಾದ ಹತ್ತೆಂಟೂ ನಿಂತುಹೋಗುತ್ತವೆ, ಹಾಗಾಗಿ ಇದು ಆಗದ ಕೆಲಸ ಎಂದೇ ಬಹಳ ಮಂದಿ ನಂಬಿದ್ದರು. ಜಿಮ್ಮರ್‌ಮನ್ ಒಂದು ಅಣುವಿಗೆ ಇಲ್ಲಿ ಒಂದು ಗುಂಪು ಸೇರಿಸಿ, ಅಲ್ಲಿ ಒಂದು ಗುಂಪು ಬದಲಿಸಿ, ಬೇಡದ ಕೈನೇಸನ್ನು ಅದು ಬಿಡುವಂತೆ, ನೀರಿನಲ್ಲಿ ಕರಗುವಂತೆ, ಬಾಯಿಯ ಮೂಲಕ ಕೊಟ್ಟರೂ ರಕ್ತಕ್ಕೆ ಸೇರುವಂತೆ ತಿದ್ದುತ್ತ ಹೋದರು. ಮೊದಲು ರಕ್ತನಾಳದ ಮೂಲಕ ಕೊಡುವ ಯೋಚನೆಯಿತ್ತು, ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಅದು ತೊಡಕಾಯಿತು. ಕೊನೆಗೆ ಉಳಿದದ್ದು ನುಂಗುವ ಔಷಧ.

ಅದು ಕೆಲಸ ಮಾಡುವ ರೀತಿಯನ್ನು ನಮ್ಮ ರೈತರಿಗೆ ಒಂದು ಹೋಲಿಕೆಯಿಂದ ಹೇಳುತ್ತೇನೆ. ಸ್ಟಾರ್ಟರ್ ಕೆಟ್ಟು ಬೋರ್‌ವೆಲ್ ಮೋಟರು ನಿಲ್ಲದೆ ಓಡುತ್ತಿದೆ ಎಂದುಕೊಳ್ಳಿ. ಹಳೆಯ ಚಿಕಿತ್ಸೆ ಎಂದರೆ ಗದ್ದೆಗೆ ತುಂಬಿದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕುವುದು. ಇಮ್ಯಾಟಿನಿಬ್ ಮಾಡುವುದು ಫ್ಯೂಸ್ ಕೀಳುವ ಕೆಲಸ. ಕಿಣ್ವದಲ್ಲಿ ಎ.ಟಿ.ಪಿ. ಬಂದು ಕೂರುವ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಇಂಧನ ಸಿಗದ ಕಿಣ್ವ ನಿಲ್ಲುತ್ತದೆ. ಆದರೆ ಸ್ಟಾರ್ಟರ್ ರಿಪೇರಿಯಾಗಿಲ್ಲ ಎಂಬುದನ್ನು ನೆನಪಿಡಿ. ಫ್ಯೂಸ್ ಮತ್ತೆ ಹಾಕಿದರೆ ಮೋಟರು ಓಡುತ್ತದೆ. ನುಂಗಿದ ಮಾತ್ರೆಯ ಅರ್ಧದಷ್ಟು ಔಷಧ ಸುಮಾರು 18 ಗಂಟೆಗಳಲ್ಲಿ ರಕ್ತದಿಂದ ಹೊರಟುಹೋಗುತ್ತದೆ. ದಿನವೂ ಏಕೆ ನುಂಗಬೇಕು ಎಂಬುದಕ್ಕೆ ಉತ್ತರ ಇಷ್ಟೇ.

ಈ ಅಣುವನ್ನು ಸಿ.ಎಂ.ಎಲ್. ಕೋಶಗಳ ಮೇಲೆ ಪರೀಕ್ಷಿಸಿ, ಅದಕ್ಕಾಗಿ ಹಟ ಹಿಡಿದು ನಿಂತವರು ಅಮೆರಿಕದ ಪೋರ್ಟ್‌ಲೆಂಡಿನ ವೈದ್ಯ ಬ್ರಯನ್ ಡ್ರೂಕರ್. ಔಷಧ ಸೇರಿಸಿದ ತಟ್ಟೆಗಳಲ್ಲಿ ಕಾಯಿಲೆಯ ಕೋಶಗಳು ಸತ್ತವು, ಆರೋಗ್ಯವಂತ ಕೋಶಗಳು ಉಳಿದವು. ಅವರು ಮತ್ತು ಬಾಸೆಲ್ಲಿನ ತಂಡದವರು ಇದನ್ನು ಪ್ರಕಟಿಸಿದ್ದು 1996ರಲ್ಲಿ. ಅದೇ ವರ್ಷ ಸೀಬಾ-ಗೈಗಿ ಮತ್ತು ಸ್ಯಾಂಡೋಜ್ ಕಂಪನಿಗಳು ಒಂದಾಗಿ ನೊವಾರ್ಟಿಸ್ ಆಯಿತು. ರೋಗಿಗಳು ಕಡಮೆಯಿರುವ ಕಾಯಿಲೆಗೆ ಇಷ್ಟು ಹಣ ಹೂಡಬೇಕೆ ಎಂಬ ಅನುಮಾನ ಕಂಪನಿಯೊಳಗೆ ಇತ್ತು. ಡ್ರೂಕರ್ ಬೆನ್ನು ಬಿಡಲಿಲ್ಲ.

ಐವತ್ತನಾಲ್ಕರಲ್ಲಿ ಐವತ್ತಮೂರು

1998ರ ಜೂನಿನಲ್ಲಿ ಮನುಷ್ಯರ ಮೇಲಿನ ಮೊದಲ ಪರೀಕ್ಷೆ ಆರಂಭವಾಯಿತು. ಡ್ರೂಕರ್, ಲಾಸ್ ಏಂಜಲಿಸ್‌ನ ಚಾರ್ಲ್ಸ್ ಸಾಯರ್ಸ್, ಹ್ಯೂಸ್ಟನ್ನಿನ ಮೋಷೆ ತಲ್ಪಾಜ್ ಮೂವರೂ ಅದನ್ನು ನಡೆಸಿದರು. ಇಂಟರ್‌ಫೆರಾನ್ ಫಲಿಸದವರಿಗೆ ದಿನಕ್ಕೆ 25 ಮಿಲಿಗ್ರಾಂನಿಂದ ಶುರುಮಾಡಿ ಪ್ರಮಾಣ ಏರಿಸುತ್ತ ಹೋದರು. 300 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಬಂತು, ಅದೂ ಬಹುತೇಕರಿಗೆ ನಾಲ್ಕು ವಾರಗಳೊಳಗೆ. ಕ್ಯಾನ್ಸರಿನ ಮೊದಲ ಹಂತದ ಪರೀಕ್ಷೆಯಲ್ಲಿ ಹತ್ತರಲ್ಲಿ ಒಬ್ಬಿಬ್ಬರಿಗೆ ಫಲ ಕಂಡರೂ ಸಂತೋಷಪಡುತ್ತಿದ್ದ ಕಾಲ ಅದು. ಸುದ್ದಿ ಹರಡಿ ರೋಗಿಗಳು ಪೋರ್ಟ್‌ಲೆಂಡಿಗೆ ಬಂದರು. ಔಷಧ ಸಾಲದಾಯಿತು. ಕೆನಡಾದ ರೋಗಿಯೊಬ್ಬರು ಉತ್ಪಾದನೆ ಹೆಚ್ಚಿಸಿ ಎಂದು ಸಾವಿರಾರು ಸಹಿಗಳ ಮನವಿಯನ್ನು ಕಂಪನಿಗೆ ಕಳುಹಿಸಿದರು.

2001ರ ಮೇ 10ರಂದು ಅಮೆರಿಕ ಸರ್ಕಾರ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಅರ್ಜಿ ಸಲ್ಲಿಸಿ ಮೂರು ತಿಂಗಳೂ ಆಗಿರಲಿಲ್ಲ. ಹೊಸ ರೋಗಿಗಳಲ್ಲಿ ಇದನ್ನು ಇಂಟರ್‌ಫೆರಾನ್ ಚಿಕಿತ್ಸೆಗೆ ಹೋಲಿಸಿ ನೋಡಿದ ದೊಡ್ಡ ಅಧ್ಯಯನದಲ್ಲಿ 1,106 ಮಂದಿ ಇದ್ದರು. 2017ರಲ್ಲಿ ಅದರ ದೀರ್ಘಕಾಲದ ಫಲಿತಾಂಶ ಬಂದಾಗ, ಇಮ್ಯಾಟಿನಿಬ್ ಗುಂಪಿನವರಲ್ಲಿ ಹತ್ತು ವರ್ಷದ ಬಳಿಕ ಬದುಕಿರುವವರ ಪ್ರಮಾಣ ಶೇ. 83.3 ಎಂದು ಅಂದಾಜಾಯಿತು. ಐದು ವರ್ಷದ ಲೆಕ್ಕದ ಕಾಯಿಲೆಗೆ ಇದು ಸಣ್ಣ ಮಾತಲ್ಲ. 2009ರಲ್ಲಿ ಡ್ರೂಕರ್, ಲಿಡನ್ ಮತ್ತು ಸಾಯರ್ಸ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ರೌಲಿ ಮತ್ತು ನೋವೆಲ್ ಅವರಿಗೆ 1998ರಲ್ಲೇ ಆ ಗೌರವ ಸಂದಿತ್ತು.

ಎಲ್ಲ ರಕ್ತದ ಕ್ಯಾನ್ಸರಿಗೂ ಈ ಮಾತ್ರೆ ಮದ್ದು ಎಂದು ಯಾರೂ ತಿಳಿಯಬಾರದು. ಸಿ.ಎಂ.ಎಲ್.ಗೆ, ಫಿಲಡೆಲ್ಫಿಯಾ ಕ್ರೋಮೋಸೋಮ್ ಇರುವ ಒಂದು ಬಗೆಯ ತೀವ್ರ ಲ್ಯುಕೀಮಿಯಾಕ್ಕೆ, ಜೀರ್ಣಾಂಗದ ಜಿಸ್ಟ್ ಎಂಬ ಗಡ್ಡೆಗೆ, ಇನ್ನು ಕೆಲವು ಅಪರೂಪದ ಕಾಯಿಲೆಗಳಿಗೆ ಇದು ಕೆಲಸ ಮಾಡುತ್ತದೆ. ಗುರಿ ಇರುವಲ್ಲಿ ಮಾತ್ರ ತಾಗುವ ಔಷಧ. ಹಾಗಾಗಿ ಗುರಿ ಇದೆಯೆ ಎಂದು ಮೊದಲು ಪರೀಕ್ಷೆ ಮಾಡಿಸಲೇಬೇಕು.

ದೆಹಲಿಯಲ್ಲಿ ಬಂದ ತೀರ್ಪು

ಮದ್ದು ಇದೆ ಎನ್ನುವುದಕ್ಕೂ ಮದ್ದು ಸಿಗುತ್ತದೆ ಎನ್ನುವುದಕ್ಕೂ ನಡುವೆ ನಿಂತದ್ದು ಬೆಲೆ. ಗ್ಲಿವೆಕ್ ಎಂಬ ಹೆಸರಿನಲ್ಲಿ ಇದು ಭಾರತಕ್ಕೆ ಬಂದಾಗ ತಿಂಗಳ ಖರ್ಚು ಸುಮಾರು 1,20,000 ರೂಪಾಯಿ. ನಮ್ಮ ದೇಶದ ಕಂಪನಿಗಳು ತಯಾರಿಸಿದ ಅದೇ ಔಷಧದ ಬೆಲೆ ಆಗ ತಿಂಗಳಿಗೆ ಎಂಟು ಹತ್ತು ಸಾವಿರ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನೊವಾರ್ಟಿಸ್ ಒಂದು ನೆರವು ಯೋಜನೆಯ ಮೂಲಕ ಭಾರತದ ಸಾವಿರಾರು ರೋಗಿಗಳಿಗೆ ಮಾತ್ರೆಯನ್ನು ಉಚಿತವಾಗಿ ಕೊಟ್ಟಿತು. ಅದರಿಂದ ಉಳಿದ ಜೀವಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ದಾನ ಎಷ್ಟೇ ದೊಡ್ಡದಾಗಿದ್ದರೂ ಕೊಡುವವರ ಮರ್ಜಿಯಲ್ಲಿರುತ್ತದೆ.

ಕಂಪನಿ ಇಮ್ಯಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳು ರೂಪಕ್ಕೆ ಪೇಟೆಂಟ್ ಕೋರಿ 1998ರಲ್ಲಿ ಚೆನ್ನೈನ ಕಚೇರಿಗೆ ಅರ್ಜಿ ಹಾಕಿತ್ತು. 2005ರಲ್ಲಿ ತಿದ್ದುಪಡಿಯಾದ ನಮ್ಮ ಪೇಟೆಂಟ್ ಕಾಯಿದೆಯಲ್ಲಿ ಸೆಕ್ಷನ್ 3(ಡಿ) ಎಂಬುದು ಬಂತು. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮ ಹೆಚ್ಚಿದೆ ಎಂದು ತೋರಿಸದ ಹೊರತು, ಪೇಟೆಂಟ್ ಇಲ್ಲ ಎಂಬುದು ಅದರ ಸಾರ. ದೇಶೀ ಔಷಧ ಕಂಪನಿಗಳೂ ಮುಂಬೈನ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಸಂಸ್ಥೆಯೂ ಅರ್ಜಿಯನ್ನು ವಿರೋಧಿಸಿದವು. 2006ರಲ್ಲಿ ಚೆನ್ನೈ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿ ಅಫ್ತಾಬ್ ಆಲಂ ಮತ್ತು ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ತೀರ್ಪು ಕೊಟ್ಟಿತು. ಹೊಸ ಹರಳು ದೇಹಕ್ಕೆ ಶೇ. 30ರಷ್ಟು ಹೆಚ್ಚು ಸೇರುತ್ತದೆ ಎಂಬ ವಾದ ಚಿಕಿತ್ಸೆಯ ಪರಿಣಾಮ ಹೆಚ್ಚಿದೆ ಎಂಬುದಕ್ಕೆ ಸಾಕ್ಷಿಯಾಗದು ಎಂದು ಪೀಠ ಹೇಳಿತು. ಪೇಟೆಂಟ್ ಸಿಗಲಿಲ್ಲ. ದೇಶೀ ತಯಾರಿಕೆ ಮುಂದುವರಿಯಿತು, ಪೈಪೋಟಿಯಿಂದ ಬೆಲೆ ಮತ್ತೂ ಇಳಿಯಿತು. ಇಂದು ಇಮ್ಯಾಟಿನಿಬ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಭಾರತದ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ರಾಯಚೂರಿನ ಕೂಲಿಯವರ ಮನೆಗೂ ಈ ಮಾತ್ರೆ ಹೋಗಲು ಸಾಧ್ಯವಾದದ್ದರಲ್ಲಿ ವಿಜ್ಞಾನದಷ್ಟೇ ಪಾಲು ಕಾನೂನಿನದೂ ಇದೆ.

ಹಾಲಿನ ಲೆಕ್ಕದ ಕ್ಯಾಲೆಂಡರ್

ಈಗ ಉಳಿದರ್ಧಕ್ಕೆ ಬರುತ್ತೇನೆ. ರಾಯಚೂರು ಕಡೆಯ ಹೆಣ್ಣುಮಗಳೊಬ್ಬರು ನನ್ನ ಬಳಿ ಚಿಕಿತ್ಸೆ ಪಡೆಯುತ್ತಿದ್ದರು. ಓದು ಬರಹ ಬಾರದವರು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ಗೆರೆ ಎಳೆಯುತ್ತಿದ್ದರಲ್ಲ, ಅದರ ಪಕ್ಕದಲ್ಲೇ ಮಾತ್ರೆ ನುಂಗಿದ ದಿನ ಒಂದು ಚುಕ್ಕೆ ಇಡುತ್ತಿದ್ದರು. ತಪಾಸಣೆಗೆ ಬರುವಾಗ ಆ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ಚೀಲದಲ್ಲಿ ತರುತ್ತಿದ್ದರು. ಒಮ್ಮೆ ಅವರ ರಕ್ತ ಪರೀಕ್ಷೆಯಲ್ಲಿ ಕಾಯಿಲೆಯ ಪ್ರಮಾಣ ಏರಿತ್ತು. ಹಾಳೆ ಬಿಡಿಸಿ ನೋಡಿದರೆ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು. “ಯಾಕ ತಾಯಿ, ಇಲ್ಲೆಲ್ಲ ಖಾಲಿ ಅದ?” ಎಂದೆ. “ಆರಾಮ ಇದ್ದೆನ್ರೀ ಸರ. ಆರಾಮ ಇದ್ದಾಗ ಗುಳಿಗಿ ಯಾಕಂತ ಬಿಟ್ಟೆ. ನುಂಗಿದ್ರ ಹೊಟ್ಟಿ ತೊಳಸತದ, ಹೊಲದಾಗ ಕೆಲಸ ಆಗಂಗಿಲ್ಲ” ಎಂದರು.

ಅವರ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಸಕ್ಕರೆ ಕಾಯಿಲೆಯವರಿಗೂ ರಕ್ತದೊತ್ತಡದವರಿಗೂ ಇದೇ ಅನಿಸುತ್ತದೆ. ಆರಾಮವಾಗಿರುವುದು ಮಾತ್ರೆಯಿಂದಲೇ ಎಂಬುದು ಮಾತ್ರೆ ಬಿಟ್ಟ ಕೂಡಲೇ ಗೊತ್ತಾಗುವುದಿಲ್ಲ. ಸಂಜೆ ಊಟವಾದ ಮೇಲೆ ನುಂಗುವಂತೆ ಹೊತ್ತು ಬದಲಿಸಿದೆವು, ಹೊಟ್ಟೆ ತೊಳಸುವುದಕ್ಕೆ ಇನ್ನೊಂದು ಮಾತ್ರೆ ಕೊಟ್ಟೆವು, ಒಂಬತ್ತನೇ ತರಗತಿಯ ಮಗಳಿಗೆ ಚುಕ್ಕೆಯಿಡುವ ಜವಾಬ್ದಾರಿ ಒಪ್ಪಿಸಿದೆವು. ಮುಂದಿನ ಪರೀಕ್ಷೆಗಳಲ್ಲಿ ಪ್ರಮಾಣ ಇಳಿಯುತ್ತ ಬಂತು. ಔಷಧ ಬದಲಿಸಬೇಕಾಗಲಿಲ್ಲ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ನಮ್ಮ ಕಣ್ಣು ತೆರೆಸಿತು. 87 ರೋಗಿಗಳಿಗೆ ಮುಚ್ಚಳದಲ್ಲಿ ಎಲೆಕ್ಟ್ರಾನಿಕ್ ಚಿಪ್ ಇರುವ ಮಾತ್ರೆ ಡಬ್ಬಿ ಕೊಟ್ಟರು. ಡಬ್ಬಿ ತೆರೆದಾಗಲೆಲ್ಲ ಚಿಪ್ ಅದನ್ನು ದಾಖಲಿಸುತ್ತಿತ್ತು. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಲ್ಲಿ ಕಾಯಿಲೆ ತಗ್ಗಬೇಕಾದ ಮಟ್ಟಕ್ಕೆ ತಗ್ಗುವ ಸಂಭವ ಶೇ. 94.5ರಷ್ಟಿತ್ತು. ತೊಂಬತ್ತು ಅಥವಾ ಅದಕ್ಕಿಂತ ಕಡಮೆ ನುಂಗಿದವರಲ್ಲಿ ಅದು ಶೇ. 28.4 ಮಾತ್ರ. ನೂರಕ್ಕೆ ಹತ್ತು ಎಂದರೆ ಎಷ್ಟು? ತಿಂಗಳಿಗೆ ಮೂರು ಮಾತ್ರೆ. ಒಂದು ಜಾತ್ರೆ, ಒಂದು ಮದುವೆ ಮನೆ, ಮಾತ್ರೆ ಮರೆತು ಹೋದ ಒಂದು ಪ್ರಯಾಣ. ಅಷ್ಟರಲ್ಲೇ ಫಲ ಹೀಗೆ ಏರುಪೇರಾಗುತ್ತದೆ.

ಆದ್ದರಿಂದ ರೋಗಿಗಳಿಗೂ ಮನೆಯವರಿಗೂ ಕೆಲವು ಮಾತು. ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ, ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ. ನುಂಗಲು ಕಷ್ಟವಾಗುವ ಹಿರಿಯರು ಮಾತ್ರೆಯನ್ನು ಒಂದು ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಯಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಸೋಮವಾರದ ಒಪ್ಪೊತ್ತಿಗೂ ರಂಜಾನ್ ಉಪವಾಸಕ್ಕೂ ಇದು ಅಡ್ಡಿಯಲ್ಲ. ಒಪ್ಪೊತ್ತಿನವರು ಉಣ್ಣುವ ಹೊತ್ತಿಗೆ, ರೋಜಾ ಇರುವವರು ಇಫ್ತಾರ್ ಮುಗಿಸಿ ಊಟ ಮಾಡುವಾಗ ನುಂಗಿದರಾಯಿತು. ಉಪವಾಸವೆಂದು ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿ ಹೊತ್ತು ಹೊಂದಿಸಿಕೊಳ್ಳಿ.

ಅಡ್ಡ ಪರಿಣಾಮಗಳನ್ನು ಮುಚ್ಚಿಡಬಾರದು. ಬೆಳಿಗ್ಗೆ ಕಣ್ಣಿನ ಸುತ್ತ ಊತ, ಮೀನಖಂಡದ ಸೆಳೆತ, ಹೊಟ್ಟೆ ತೊಳಸುವುದು, ಭೇದಿ, ಮೈಮೇಲೆ ಗುಳ್ಳೆ, ಮೈಬಣ್ಣ ತಿಳಿಯಾಗುವುದು ಸಾಮಾನ್ಯ. ಮೊದಲ ತಿಂಗಳುಗಳಲ್ಲಿ ರಕ್ತಕಣಗಳ ಎಣಿಕೆ ಬೇಕಾದ್ದಕ್ಕಿಂತ ಇಳಿಯಬಹುದು, ಯಕೃತ್ತಿಗೆ ತೊಂದರೆಯಾಗಬಹುದು. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಬೇರೆ ಮದ್ದುಗಳೊಂದಿಗಿನ ತಿಕ್ಕಾಟವೂ ಇದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಇಮ್ಯಾಟಿನಿಬ್‌ನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತವೆ. ಗ್ರೇಪ್‌ಫ್ರೂಟ್ ಹಣ್ಣು ಅದನ್ನು ಏರಿಸುತ್ತದೆ, ಹಾಗಾಗಿ ಅದೇ ಜಾತಿಯ ನಮ್ಮ ಚಕ್ಕೋತವನ್ನೂ ದೂರ ಇಡುವುದು ಲೇಸು. ನಾಟಿ ಮದ್ದನ್ನಾಗಲಿ ಬೇರೆ ಪದ್ಧತಿಯ ಔಷಧವನ್ನಾಗಲಿ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಬಯ್ಯುವ ವೈದ್ಯರ ಮುಂದೆ ರೋಗಿ ನಿಜ ಹೇಳುವುದಿಲ್ಲ, ಇದು ನಮ್ಮವರಿಗೆ ನಾನು ಹೇಳುವ ಮಾತು. ಗರ್ಭಿಣಿಯರು ಈ ಮಾತ್ರೆ ನುಂಗುವಂತಿಲ್ಲ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ವೈದ್ಯರೊಂದಿಗೆ ಕೂತು ಯೋಜಿಸಬೇಕು. ದಾರಿಗಳಿವೆ.

ಎಣಿಕೆ ಸರಿಹೋದರೆ ಸಾಲದು

ಬಿಳಿ ರಕ್ತಕಣಗಳ ಎಣಿಕೆ ಸರಿಹೋಯಿತೆಂದರೆ ಕಾಯಿಲೆ ಹೋಯಿತೆಂದಲ್ಲ. ಮಜ್ಜೆಯಲ್ಲಿ ಅಡಗಿರುವುದನ್ನು ಅಳೆಯಲು ಆರ್.ಕ್ಯು. ಪಿ.ಸಿ.ಆರ್. ಎಂಬ ಪರೀಕ್ಷೆ ಇದೆ. ಆ ಕೂಡುಜೀನಿನ ಅಂಶ ರಕ್ತದಲ್ಲಿ ಎಷ್ಟಿದೆ ಎಂದು ಅದು ಹೇಳುತ್ತದೆ. ಮೊದಲು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ಮೂರು ತಿಂಗಳಿಗೆ ಶೇ. 10ಕ್ಕೆ, ಆರು ತಿಂಗಳಿಗೆ ಶೇ. 1ಕ್ಕೆ, ವರ್ಷಕ್ಕೆ ಶೇ. 0.1ಕ್ಕೆ ಇಳಿದರೆ ದಾರಿ ಸರಿಯಾಗಿದೆ ಎಂದರ್ಥ.

ಇಳಿಯದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರೆ ದಿನವೂ ಹೊಟ್ಟೆಗೆ ಹೋಗುತ್ತಿದೆಯೆ ಎಂಬುದು. ಹೋಗುತ್ತಿದ್ದರೂ ಇಳಿಯದಿದ್ದರೆ ಕಿಣ್ವವೇ ಬದಲಾಗಿರಬಹುದು. ಅದರ ಒಂದು ಅಮೈನೊ ಆಮ್ಲ ಬದಲಾದರೆ ಔಷಧಕ್ಕೆ ಕೂರಲು ಜಾಗ ಸಿಗುವುದಿಲ್ಲ ಎಂದು ಸಾಯರ್ಸ್ ತಂಡ 2001ರಲ್ಲೇ ತೋರಿಸಿತು. ಅಂಥವರಿಗೆ ಡಸಾಟಿನಿಬ್, ನಿಲೋಟಿನಿಬ್, ಬೊಸುಟಿನಿಬ್, ಪೊನಾಟಿನಿಬ್ ಬಂದವು. 2021ರಲ್ಲಿ ಕಿಣ್ವದ ಬೇರೆಯದೇ ಜಾಗಕ್ಕೆ ಹೋಗಿ ಕೂರುವ ಅಸಿಮಿನಿಬ್‌ಗೆ ಒಪ್ಪಿಗೆ ಸಿಕ್ಕಿತು. ಇವು ಇರುವುದು ಭರವಸೆಯ ಮಾತು. ಆದರೆ ಬೆಲೆ ಹೆಚ್ಚು, ಕೆಲವಕ್ಕೆ ಹೃದಯ, ಶ್ವಾಸಕೋಶ, ರಕ್ತನಾಳಗಳ ಅಪಾಯವೂ ಇದೆ. ಮೊದಲ ಮಾತ್ರೆಯಲ್ಲೇ ದಡ ಸೇರುವುದು ಎಲ್ಲರಿಗೂ ಒಳ್ಳೆಯದು.

ಜೀವನಪೂರ್ತಿ ನುಂಗಬೇಕೆ ಎಂದು ಎಲ್ಲರೂ ಕೇಳುತ್ತಾರೆ. ಫ್ರಾನ್ಸಿನ ವೈದ್ಯರು ಎರಡು ವರ್ಷಕ್ಕೂ ಹೆಚ್ಚು ಕಾಲ ಪಿ.ಸಿ.ಆರ್.ಗೂ ಕಾಯಿಲೆ ಸಿಗದ 100 ಜನರಲ್ಲಿ ಮಾತ್ರೆ ನಿಲ್ಲಿಸಿ ನೋಡಿದರು. ಫಲಿತಾಂಶ ಬಂದದ್ದು 2010ರಲ್ಲಿ. ಸುಮಾರು 40 ಮಂದಿಯಲ್ಲಿ ಕಾಯಿಲೆ ಮರುಕಳಿಸಲಿಲ್ಲ. ಮರುಕಳಿಸಿದವರಲ್ಲಿ ಬಹುತೇಕರಿಗೆ ಅದು ಕಂಡದ್ದು ಮೊದಲ ಆರೇಳು ತಿಂಗಳಲ್ಲಿ, ಮತ್ತೆ ಮಾತ್ರೆ ಶುರುಮಾಡಿದಾಗ ಅದು ಫಲಿಸಿತು. ಅಂದರೆ ವರ್ಷಗಟ್ಟಲೆ ಶಿಸ್ತಿನಿಂದ ನುಂಗಿದವರಿಗೆ, ಪದೇಪದೇ ನಂಬಿಗಸ್ತ ಪಿ.ಸಿ.ಆರ್. ಮಾಡಿಸಲು ಅನುಕೂಲವಿರುವವರಿಗೆ, ವೈದ್ಯರ ಕಣ್ಗಾವಲಿನಲ್ಲಿ ಒಂದು ದಿನ ಮಾತ್ರೆ ನಿಲ್ಲಿಸುವ ಅವಕಾಶವಿದೆ. ಬಿಡಬೇಕೆಂಬ ಆಸೆಯಿದ್ದವರು ಮೊದಲು ಬಿಡದೆ ನುಂಗಬೇಕು.

ನಮ್ಮ ಮುಂದಿರುವ ಕೆಲಸ

ಇಷ್ಟು ಹೇಳಿದ ಮೇಲೆ ಮೂರು ಬೇಡಿಕೆಗಳನ್ನು ಈ ವೇದಿಕೆಯಿಂದ ಇಡುತ್ತೇನೆ.

ಮೊದಲನೆಯದು ಸರ್ಕಾರಕ್ಕೆ. ಮಾತ್ರೆ ಅಗ್ಗವಾಗಿದೆ, ಆದರೆ ಬೀದರಿನಿಂದಲೋ ಚಾಮರಾಜನಗರದಿಂದಲೋ ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದು ಸರದಿಯಲ್ಲಿ ನಿಲ್ಲುವ ಖರ್ಚು ಅಗ್ಗವಾಗಿಲ್ಲ. ಬಸ್ಸಿನ ಟಿಕೆಟ್ಟು, ಕಳೆದುಹೋದ ಎರಡು ದಿನದ ಕೂಲಿ, ಜೊತೆಗೆ ಬಂದವರ ಕೂಲಿ ಎಲ್ಲ ಸೇರಿದರೆ ಉಚಿತ ಮಾತ್ರೆಗೂ ಬೆಲೆ ಬೀಳುತ್ತದೆ. ಕಾಯಿಲೆ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಜಿಲ್ಲಾ ಆಸ್ಪತ್ರೆಯಲ್ಲೇ ಕೊಡಬೇಕು, ದಾಸ್ತಾನು ಒಂದು ದಿನವೂ ಖಾಲಿಯಾಗಬಾರದು. ಪಿ.ಸಿ.ಆರ್. ಪರೀಕ್ಷೆಯನ್ನೂ ಉಚಿತವಾಗಿ ಮಾಡಬೇಕು. ಈ ಪರೀಕ್ಷೆಗೆ ರಕ್ತ ಒಂದೆರಡು ದಿನದೊಳಗೆ ಪ್ರಯೋಗಾಲಯ ಸೇರದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಆದರೆ ಬೆಂಗಳೂರಿಗೆ ಬರಬೇಕಾದದ್ದು ರಕ್ತದ ಟ್ಯೂಬು ಮಾತ್ರ, ರೋಗಿ ಬರಬೇಕಾಗಿಲ್ಲ. ಜಿಲ್ಲೆಯಲ್ಲಿ ರಕ್ತ ತೆಗೆದು, ತಂಪು ಪೆಟ್ಟಿಗೆಯಲ್ಲಿಟ್ಟು ಆ ರಾತ್ರಿಯೇ ಕಳುಹಿಸುವ ವ್ಯವಸ್ಥೆಗೆ ಹೊಸ ಆಸ್ಪತ್ರೆ ಕಟ್ಟಬೇಕಾಗಿಲ್ಲ.

ಎರಡನೆಯದು ನನ್ನ ವೃತ್ತಿಬಾಂಧವರಿಗೆ. ಚೀಟಿ ಬರೆದ ಮೇಲೆ ಐದು ನಿಮಿಷ ಕೂತು, ರೋಗಿಯ ಮಾತಿನಲ್ಲೇ, ಏಕೆ ನುಂಗಬೇಕು, ಬಿಟ್ಟರೆ ಏನಾಗುತ್ತದೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಹೇಳಿ. ಪ್ರತಿ ಭೇಟಿಯಲ್ಲೂ ಖಾಲಿ ಸ್ಟ್ರಿಪ್ ತರಿಸಿ ನೋಡಿ. ಆಸ್ಪತ್ರೆಯಲ್ಲಿ ಇದಕ್ಕೆಂದೇ ಒಬ್ಬ ನರ್ಸ್ ಅಥವಾ ಆಪ್ತ ಸಮಾಲೋಚಕರು ಇದ್ದರೆ ದುಬಾರಿ ಔಷಧಕ್ಕೆ ಹೋಗಬೇಕಾದ ಎಷ್ಟೋ ಜನ ಮೊದಲ ಮಾತ್ರೆಯಲ್ಲೇ ಉಳಿಯುತ್ತಾರೆ. ಆ ಒಬ್ಬರ ಸಂಬಳವನ್ನು ಖರ್ಚು ಎಂದು ಬರೆಯಬಾರದು, ಚಿಕಿತ್ಸೆ ಎಂದೇ ಬರೆಯಬೇಕು.

ಮೂರನೆಯದು ರೋಗಿಗಳಿಗೆ ಮತ್ತು ಅವರ ಮನೆಯವರಿಗೆ. ಕಾಯಿಲೆಯನ್ನು ಬಚ್ಚಿಡಬೇಡಿ. ಅತ್ತೆ ಮನೆಯಲ್ಲಿ ಗೊತ್ತಾಗಬಾರದೆಂದು ಮಾತ್ರೆಯನ್ನು ಸೀರೆಯ ಪೆಟ್ಟಿಗೆಯಲ್ಲಿ ಅಡಗಿಸಿಟ್ಟು, ಎಲ್ಲರೂ ಮಲಗಿದ ಮೇಲೆ ನುಂಗುವ ಸೊಸೆಯಂದಿರು ನಮ್ಮಲ್ಲಿದ್ದಾರೆ. ಮುಚ್ಚಿಟ್ಟುಕೊಂಡು ದಿನವೂ ಒಂದು ಕೆಲಸ ಮಾಡುವುದು ಯಾರಿಗೂ ಬಹಳ ಕಾಲ ಸಾಧ್ಯವಿಲ್ಲ. ಮನೆಯಲ್ಲಿ ಒಬ್ಬರಾದರೂ “ಮಾತ್ರೆ ಆಯ್ತಾ?” ಎಂದು ಕೇಳುವವರಿರಲಿ. ನೀವು ಆರಾಮವಾಗಿರುವ ದಿನದ ಮಾತ್ರೆಯೇ ನಿಮ್ಮನ್ನು ಆರಾಮವಾಗಿ ಇಟ್ಟಿರುವುದು.

ನೋವೆಲ್, ರೌಲಿ, ಜಿಮ್ಮರ್‌ಮನ್, ಡ್ರೂಕರ್ ಇವರು ಯಾರೂ ನಮ್ಮ ರೋಗಿಗಳನ್ನು ಕಂಡವರಲ್ಲ. ಆದರೂ ನಲವತ್ತು ವರ್ಷ ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಂದುವರಿಸಿ ಈ ಮಾತ್ರೆಯನ್ನು ನಮ್ಮ ಕೈಗಿತ್ತರು. ಮೊದಲ ಪರೀಕ್ಷೆಗೆ ತಮ್ಮ ದೇಹವನ್ನು ಒಡ್ಡಿದ ರೋಗಿಗಳ ಋಣ ಇನ್ನೂ ದೊಡ್ಡದು. ಆ ಋಣವನ್ನು ತೀರಿಸುವ ದಾರಿ ನಮಗೆ ಗೊತ್ತಿದೆ, ಅದಕ್ಕೆ ಬೇಕಾದ ಔಷಧ ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಕರ್ನಾಟಕದ ಯಾವ ಸಿ.ಎಂ.ಎಲ್. ರೋಗಿಯೂ ಮಾತ್ರೆ ಸಿಗದೆ, ಪರೀಕ್ಷೆ ಸಿಗದೆ, ಹೇಳುವವರಿಲ್ಲದೆ ಸಾಯಬಾರದು. ಇದು ನಮ್ಮ ಕೈಯಲ್ಲಾಗುವ ಕೆಲಸ. ಸಭೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.